ಹೊಗೆಯಿಲ್ಲದ ಕೆಂಡ

ತೀರ್ಥರಾಮನಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಒಂದೇ, ಕೆಂಡ ಮಾಡುವುದು. ಹೀಗೆಂದರೆ ಕೇಳಿದವರು ನಗುತ್ತಾರೆ. ಬೆಂಕಿ ಹಾಕಿದರೆ ಕೆಂಡ ತನ್ನಷ್ಟಕ್ಕೆ ಆಗುತ್ತದೆ, ಅದರಲ್ಲಿ ಮಾಡಲಿಕ್ಕೆ ಎಂತ ಉಂಟು ಎನ್ನುತ್ತಾರೆ. ಊರು ಕೊಲ್ಲಮೊಗ್ರಿನ ಒಂದು ಮದುವೆಯ ಊಟದಲ್ಲಿ ಅವನ ಸ್ವಂತ ಅಣ್ಣನೇ ಎಲೆಯ ಮುಂದೆ ಕೂತುಕೊಂಡು ಸಾಲಿಗೆಲ್ಲ ಕೇಳುವಂತೆ ಹೇಳಿದ, “ನಮ್ಮ ತೀರ್ಥು ವಿಮಾನ ಹತ್ತಿ ಹೋದದ್ದು ಒಲೆ ಉರಿಸ್ಲಿಕ್ಕೆ. ಮನೆಯ ಒಲೆ ಅವನಿಗೆ ಸಣ್ಣದಾಯ್ತು ಮಾರಾಯ್ರೆ.” ಸಾಲು ನಕ್ಕಿತು. ತೀರ್ಥರಾಮನೂ ತಲೆ ತಗ್ಗಿಸಿ ನಕ್ಕು ಪಾಯಸ ಸುರಿದುಕೊಂಡ. ಅವನ ಹೆಂಡತಿ ನೀಲಾವತಿ ಮಾತ್ರ ಹೆಂಗಸರ ಸಾಲಿನಿಂದ ಅರ್ಧಕ್ಕೇ ಎದ್ದು ಹೋಗಿ ಕೈ ತೊಳೆದಳು. ಗಂಡ ದುಬಾಯಿಯಲ್ಲಿ ಹೊಟೇಲಿನ ಮೇನೇಜರು ಎಂದು ಅವಳು ಊರಿಡೀ ಹೇಳಿಕೊಂಡು ಬಂದಿದ್ದಳು.

ಹೊಟೇಲು ಎನ್ನುವುದೇನೋ ಸುಳ್ಳಲ್ಲ. ಕಡಲಿಗೆ ಮುಖ ಮಾಡಿದ ಹೊಟೇಲು, ಮೇಲೆ ಬಯಲು ತಾರಸಿ. ಅಲ್ಲಿ ಸಂಜೆಯಾದರೆ ಜನ ಬಂದು ಹುಕ್ಕಾ ಸೇದುತ್ತಿದ್ದರು. ನೀರು ತುಂಬಿದ ಉದ್ದ ಕುತ್ತಿಗೆಯ ಗಾಜಿನ ಹೂಜಿ, ಅದರ ತಲೆಯ ಮೇಲೆ ಮಣ್ಣಿನ ಬಟ್ಟಲು, ಬಟ್ಟಲಲ್ಲಿ ಹಣ್ಣಿನ ಪರಿಮಳದ ಹೊಗೆಸೊಪ್ಪು, ಅದರ ಮೇಲೊಂದು ತೆಳು ತಗಡು, ತಗಡಿನ ಮೇಲೆ ಕೆಂಡ. ಸೇದುವವನ ಸುಖವೆಲ್ಲ ಆ ಕೆಂಡದ ಮೇಲೆ ನಿಂತಿರುತ್ತದೆ. ತೀರ್ಥರಾಮ ಅಲ್ಲಿ ಕೆಂಡದವನು. ತೂಗುವ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ಇಟ್ಟುಕೊಂಡು ಮೇಜಿನಿಂದ ಮೇಜಿಗೆ ಹೋಗುವುದು, ಆರಿದ್ದನ್ನು ಇಕ್ಕುಳದಲ್ಲಿ ತೆಗೆದು ಹೊಸದು ಇಡುವುದು. ಹರೆಯದಲ್ಲಿ ಹೋದವನು ತಲೆ ನರೆಯುವವರೆಗೆ ಮಾಡಿದ್ದು ಇದನ್ನೇ.

ಅವನನ್ನು ಅಲ್ಲಿಗೆ ಕರೆದುಕೊಂಡು ಹೋದವನು, ಕೆಲಸ ಕಲಿಸಿದವನು ಉಪ್ಪಿನಂಗಡಿಯ ಹಂಝ. ವಯಸ್ಸಿನಲ್ಲಿ ಹಿರಿಯ, ಬಾಯಿ ಜೋರು, ಮನಸ್ಸು ಬೆಣ್ಣೆ. ಮೊದಲ ದಿನವೇ ತೀರ್ಥರಾಮ ಅರ್ಧ ಕಪ್ಪು ಅರ್ಧ ಕೆಂಪು ಇದ್ದ ಕೆಂಡ ತೆಗೆದುಕೊಂಡು ಹೊರಟದ್ದನ್ನು ನೋಡಿ ಹಂಝ ಅವನ ಕೈಯಿಂದ ಬುಟ್ಟಿ ಕಸಿದುಕೊಂಡ. ಇದ್ದಿಲು ಹೇಗೆ ಬೇಯಿಸುವುದೆಂದು ಅನ್ನ ಬೇಯಿಸಲು ಕಲಿಸಿದ ಹಾಗೆ ಕಲಿಸಿದ. ತೆಂಗಿನಕಾಯಿಯ ಗಟ್ಟಿ ಗೆರಟೆಯ ಇದ್ದಿಲೇ ಆಗಬೇಕು, ಮರದ ಇದ್ದಿಲು ಕಿಡಿ ಹಾರಿಸುತ್ತದೆ. ಕಬ್ಬಿಣದ ಬಲೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಬೇಕು. ಮೊದಲು ಒಂದು ಹಸಿ ವಾಸನೆ ಬರುತ್ತದೆ, ಆಗ ಮುಟ್ಟಬಾರದು. ಅಂಚು ಕೆಂಪಾದ ಮೇಲೆ ಮಗುಚಬೇಕು. ಎಲ್ಲ ಮೈಯೂ ಕೆಂಪಾಗಿ, ಆ ಕೆಂಪಿನ ಮೇಲೆ ತೆಳ್ಳಗೆ ಬೂದಿ ಹಾಸಿಕೊಂಡಾಗ ಅದು ಕೆಂಡ. ಅದುವರೆಗೆ ಅದು ಬರೀ ಉರಿಯುವ ಇದ್ದಿಲು.

“ಹೊಟ್ಟೆಯಲ್ಲಿ ಕಪ್ಪು ಉಳಿದ ಕೆಂಡದಲ್ಲಿ ವಿಷ ಉಂಟು ತೀರ್ಥ. ಪೂರ್ತಿ ಬೆಂದದ್ದರಲ್ಲಿ ಎಂತದೂ ಇಲ್ಲ. ಅದನ್ನು ಮಗುವಿನ ಪಕ್ಕ ಬೇಕಾದ್ರೂ ಇಡ್ಬಹುದು,” ಎಂದ ಹಂಝ.

ಒಂದು ಚಳಿಗಾಲ ಇದ್ದಿಲು ಇಡುವ ಕೋಣೆಯಲ್ಲಿ ಕಾಸರಗೋಡಿನ ಒಬ್ಬ ಕೆಲಸದವನು ಬಾಗಿಲು ಹಾಕಿಕೊಂಡು ಬೆಂಕಿ ಕಾಯಿಸುತ್ತಾ ಕೂತಲ್ಲೇ ಬಿದ್ದುಬಿಟ್ಟ. ಎತ್ತಿ ತಾರಸಿಗೆ ತಂದು ಮಲಗಿಸಿದ ಮೇಲೆ ಕಣ್ಣು ಬಿಟ್ಟು ವಾಂತಿ ಮಾಡಿಕೊಂಡ. ಅರೆಬೆಂದ ಇದ್ದಿಲು ಹಾಕಿಕೊಂಡದ್ದಕ್ಕೆ ಹೀಗಾಯಿತು ಎಂದು ಹಂಝ ಬೈದ. ತೀರ್ಥರಾಮನೂ ಬೈದ. ಅವನನ್ನು ಬದುಕಿಸಿದ್ದು ತಾರಸಿಯ ಗಾಳಿ ಎಂದು ಇಬ್ಬರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಇತ್ತ ಕೊಲ್ಲಮೊಗ್ರಿನಲ್ಲಿ ಕಾಡಿನ ಬದಿಯ ಮನೆ, ಒಂದಷ್ಟು ರಬ್ಬರು, ಒಂದು ದನ, ನೀಲಾವತಿ ಮತ್ತು ಮಗಳು ದೀಕ್ಷಿತಾ. ತೀರ್ಥರಾಮ ಹೋಗುವಾಗ ಮಗಳು ಅವ್ವನ ಸೊಂಟದಲ್ಲಿ ಕೂರುವ ಪ್ರಾಯದವಳು. ಮೊದಲ ಸಲ ರಜೆಯಲ್ಲಿ ಬಂದಾಗ ಅವಳು ಬಾಗಿಲ ಹಿಂದೆ ನಿಂತು ಇವನನ್ನು ಎರಡು ದಿನ ನೋಡಿದಳು. ಮೂರನೆಯ ದಿನ ಅವ್ವನ ಸೆರಗು ಎಳೆದು ಗುಟ್ಟಿನಲ್ಲಿ ಕೇಳಿದಳು, ಆ ಮಾಮ ಯಾವಾಗ ಹೋಗುದು ಎಂದು. ಗುಟ್ಟೇನೋ ಹೌದು, ಆದರೆ ಕೇಳಬೇಕಾದವನಿಗೆ ಕೇಳಿಸಿತು. ಆಮೇಲೆ ದೊಡ್ಡವಳಾದಂತೆ ಅಪ್ಪ ಎನ್ನಲು ಕಲಿತಳು. ಕಲಿತ ಮಾತು ಕಲಿತ ಹಾಗೇ ಇರುತ್ತದೆ. ಫೋನಿನಲ್ಲಿ “ಊಟ ಆಯ್ತಾ ಅಪ್ಪ, ಹುಷಾರುಂಟಾ ಅಪ್ಪ” ಎಂದು ಎರಡು ಸಲ ಅಂದು ಅವ್ವನಿಗೆ ಕೊಡುತ್ತಿದ್ದಳು. ಅವಳ ಮದುವೆಗೆ ಬಂದವನು ಧಾರೆ ಎರೆದು ವಾರ ಕಳೆಯುವುದರೊಳಗೆ ವಿಮಾನ ಹತ್ತಿದ.

ಹೊಟೇಲು ಮುಚ್ಚಿ ಅವನು ಪೂರ್ತಿಯಾಗಿ ಊರಿಗೆ ಬಂದಾಗ ಅವನಿಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ. ಮಗಳು ತನ್ನ ಎದುರು ಕೂತು ಯಾವುದಾದರೊಂದು ಮಾತಾಡಬೇಕು, ಲೆಕ್ಕವಿಲ್ಲದ ಮಾತು, ಅವ್ವನೊಡನೆ ಆಡುವಂಥದ್ದು. ಅದಕ್ಕಾಗಿ ಅವನು ಮಾಡದ್ದೇನೂ ಇಲ್ಲ. ಮಗಳು ಚೊಚ್ಚಲ ಬಾಣಂತನಕ್ಕೆ ಬರುತ್ತಾಳೆಂದು ಗೊತ್ತಾದ ದಿನವೇ ಹಳೆ ಹಂಚಿನ ಮನೆಯ ಬದಿಗೆ ಒಂದು ಹೊಸ ಕೋಣೆ ಕಟ್ಟಿಸಲು ಹಿಡಿದ. ಕಾಂಕ್ರೀಟಿನ ಮಾಡು, ಒಳಗೇ ಬಚ್ಚಲು, ಜಾರಿಸಿ ಮುಚ್ಚುವ ಗಾಜಿನ ಕಿಟಕಿ. ಕಟ್ಟಿದ ಮೇಸ್ತ್ರಿ ಬಾಗಿಲು ಹಾಕಿ ತೋರಿಸಿ, “ಇರುವೆಗೂ ದಾರಿ ಇಲ್ಲ ನೋಡಿ, ಘಾಟಿಯ ಗಾಳಿ ಹೊರಗೇ ಬಾಕಿ,” ಎಂದು ಹೆಗಲ ಬೈರಾಸಿನಲ್ಲಿ ಚೌಕಟ್ಟು ಒರೆಸಿದ. ಅದನ್ನು ತೀರ್ಥರಾಮ ಬಂದವರಿಗೆಲ್ಲ ಹೇಳಿದ.

ದೀಕ್ಷಿತಾ ಸುಳ್ಯದ ಆಸ್ಪತ್ರೆಯಲ್ಲಿ ಹೆತ್ತು, ಹೆಣ್ಣು ಮಗುವನ್ನು ಎತ್ತಿಕೊಂಡು ಆ ಕೋಣೆಗೆ ಬಂದಳು. ಚಳಿ ಹಿಡಿದಿದ್ದ ಕಾಲ. ಬೆಳಿಗ್ಗೆ ಎದ್ದರೆ ಅಂಗಳದ ಹುಲ್ಲು ಒದ್ದೆ, ಘಟ್ಟದಿಂದ ಇಳಿಯುವ ಗಾಳಿ ಕಿವಿಯನ್ನು ಕೊಯ್ಯುತ್ತಿತ್ತು. ನಮ್ಮ ಕಡೆ ಬಾಣಂತಿಯನ್ನು ಎಣ್ಣೆ ಹಚ್ಚಿ, ಕುದಿವ ನೀರಿನಲ್ಲಿ ಮೀಯಿಸಿ, ಕಂಬಳಿ ಸುತ್ತಿ ಮಲಗಿಸಿ, ಮಂಚದಡಿಗೆ ಬೆಂಕಿಯ ಬಾಣಲೆ ಇಡುತ್ತಾರೆ. ಬೆವರು ಇಳಿದರೆ ಮೈಯ ನೀರು ಹೋಗಿ ಸೊಂಟ ಗಟ್ಟಿಯಾಗುತ್ತದೆ ಎಂದು. ಮೀಯಿಸಲು ಬರುತ್ತಿದ್ದವಳು ಪೂವಕ್ಕ, ಆ ಊರಿನ ಅರ್ಧ ಮಕ್ಕಳನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದ ಮುದುಕಿ. ಅವಳು ಇಡುತ್ತಿದ್ದದ್ದು ತೆಂಗಿನ ಸಿಪ್ಪೆಯ ಬೆಂಕಿ. ಕೋಣೆಯೆಲ್ಲ ಹೊಗೆ. ಬಾಣಂತಿ ಕೆಮ್ಮುವುದು, ಮಗು ಮುಖ ಕಿವುಚಿ ಅಳುವುದು, ನೀಲಾವತಿ ಕಣ್ಣೊರೆಸಿಕೊಂಡು ಓಡಿ ಬಂದು ಬಾಗಿಲು ತೆರೆದು ಸೆರಗಿನಲ್ಲಿ ಹೊಗೆ ಅಟ್ಟುವುದು, ಗಾಳಿ ಬಂತೆಂದು ಪೂವಕ್ಕ ಬೈಯುವುದು, ಮತ್ತೆ ಮುಚ್ಚುವುದು. ದಿನಾ ಇದೇ ರಂಪ.

ತೀರ್ಥರಾಮ ಜಗಲಿಯಲ್ಲಿ ಕೂತು ನೋಡುತ್ತಿದ್ದ. ಒಂದು ದಿನ ಮಗಳ ಕಣ್ಣು ಹೊಗೆಗೆ ಕೆಂಪಾದದ್ದನ್ನು ಕಂಡು ಅವನಿಗೆ ತಡೆಯಲಿಲ್ಲ. ಕೆಂಡ ನಾನು ಮಾಡಿಕೊಡುತ್ತೇನೆ ಎಂದ.

ಪೂವಕ್ಕ ಸೊಂಟಕ್ಕೆ ಕೈಕೊಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಗಂಡಸ್ರು ಬಾಣಂತಿ ಬೆಂಕಿ ಮಾಡುದು ನಾ ಈ ಜನ್ಮದಲ್ಲಿ ನೋಡ್ಲಿಲ್ಲ. ನಾಳೆ ಹಾಲೂ ಕುಡಿಸ್ತೀಯಾ ತೀರ್ಥು?”

ದೀಕ್ಷಿತಾ ಕಂಬಳಿಯೊಳಗಿಂದ ಕಿಸಕ್ಕನೆ ನಕ್ಕಳು. ಮಗಳು ತನ್ನ ಕಾರಣಕ್ಕೆ ನಕ್ಕದ್ದನ್ನು ತೀರ್ಥರಾಮ ಕೇಳಿದ್ದು ಅದೇ ಮೊದಲು.

ಅವನು ಗೆರಟೆ ಒಟ್ಟುಮಾಡಿದ. ತೋಟದ ಮೂಲೆಯಲ್ಲಿ ಗುಂಡಿ ತೋಡಿ, ಗೆರಟೆ ಸುಟ್ಟು, ಉರಿ ಏರಿದಾಗ ತಗಡು ಮುಚ್ಚಿ ಮಣ್ಣು ಹಾಕಿ, ಮರುದಿನ ತೆಗೆದರೆ ಟಣಟಣ ಎನ್ನುವ ಇದ್ದಿಲು. ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಬಲೆ ಹಾಸಿ, ಅದರ ಮೇಲೆ ತುಂಡುಗಳನ್ನು ಹರಡಿ ಕೂತ. ಬೆಳಗಿನ ಬಿಸಿಲಿಗೆ ಮೈಯೊಡ್ಡಲು ದೀಕ್ಷಿತಾ ಬಂದು ಹಿತ್ತಿಲ ಮೆಟ್ಟಿಲಲ್ಲಿ ಕೂರುತ್ತಿದ್ದಳು, ಕಿವಿಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ಮಡಿಲಲ್ಲಿಟ್ಟುಕೊಂಡು. ಮೊದಲ ದಿನ ಸುಮ್ಮನೆ ನೋಡಿದಳು. ಎರಡನೆಯ ದಿನ ಕೇಳಿದಳು.

“ಅಪ್ಪ, ಆಯ್ತು ಅಂತ ಹೇಗೆ ಗೊತ್ತಾಗುದು?”

ಅವನು ಹೇಳಿದ. ಮಗುಚುವುದನ್ನು ತೋರಿಸಿದ. ಒಂದು ತುಂಡನ್ನು ಇಕ್ಕುಳದಲ್ಲಿ ಎತ್ತಿ ಊದಿದರೆ ಬೂದಿ ಹಾರಿ ಒಳಗಿನ ಕೆಂಪು, ಕಾಯಿ ಒಡೆದಾಗ ಕಾಣುವ ರಾಂಪತ್ರೆಯ ಹಾಗೆ ಹೊಳೆಯಿತು. ಅಲ್ಲಿ ಕಪ್ಪು ಚುಕ್ಕೆ ಇದ್ದರೆ ಅದನ್ನು ಹಿಂದಕ್ಕೆ ಹಾಕಿ ಇನ್ನಷ್ಟು ಹೊತ್ತು ಕಾದ. ಅಂಥದ್ದು ಮನೆಯೊಳಗೆ ಬರಕೂಡದು ಎಂದ. ಮಾತು ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಹುಕ್ಕಾ ಸೇದುತ್ತಲೇ ನಿದ್ದೆಹೋಗಿ ಗಡ್ಡ ಸುಟ್ಟುಕೊಂಡ ಅರಬ್ಬಿಯ ಕತೆ, ತಾರಸಿಯಲ್ಲಿ ಗಾಳಿ ಜೋರಾದರೆ ಹಂಝ ಕಡಲಿಗೇ ಬೈಯುತ್ತಿದ್ದ ಕತೆ. ದೀಕ್ಷಿತಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಸೊಂಟ ನೋಯುತ್ತದೆ, ನಗಿಸಬೇಡಿ ಅಪ್ಪ, ಎಂದಳು. ನೀಲಾವತಿ ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡಿ ಒಲೆಯ ಕಡೆ ತಿರುಗುತ್ತಿದ್ದಳು. ಅವಳಿಗೂ ಇದು ಬೇಕಾಗಿತ್ತು.

ಅವನ ಕೆಂಡ ಕೋಣೆಗೆ ಹೋದ ದಿನದಿಂದ ರಂಪ ನಿಂತಿತು. ಹೊಗೆಯಿಲ್ಲ, ವಾಸನೆಯಿಲ್ಲ, ಬರೀ ಬಿಸಿ. ಪೂವಕ್ಕನೇ ಮೂಗು ಅರಳಿಸಿ ನೋಡಿ, “ಬೆಂಕಿ ಉಂಟೋ ಇಲ್ವೋ ಅಂತ ಕೈ ಹಾಕಿ ನೋಡ್ಬೇಕು,” ಎಂದಳು. ಅದು ಅವಳ ಬಾಯಿಂದ ಬಂದ ದೊಡ್ಡ ಹೊಗಳಿಕೆ. ನೀಲಾವತಿಗೆ ಹತ್ತು ಸಲ ಬಾಗಿಲು ತೆರೆಯುವ ಕೆಲಸ ತಪ್ಪಿತು. ಆದರೂ ಆ ಕೆಲವು ದಿನ ಬಾಗಿಲು ಒಂದಿಷ್ಟು ಓರೆಯಾಗಿಯೇ ಇರುತ್ತಿತ್ತು, ಮಗು ಅತ್ತರೆ ಕೇಳಲಿ ಎಂದು.

ಆ ದಿನ ಗಾಳಿ ಎಂದಿಗಿಂತ ಜೋರು. ಓರೆಯಿಟ್ಟ ಬಾಗಿಲು ದಡಬಡ ಎಂದು ಬಡಿಯುತ್ತಿತ್ತು. ದೀಕ್ಷಿತಾ ಮಿಂದು ಬಂದವಳು ಕಾಲು ತಣ್ಣಗಾಗುತ್ತದೆ ಎಂದಳು. ತೀರ್ಥರಾಮ ಬಾಣಲೆಗೆ ಇನ್ನಷ್ಟು ಕೆಂಡ ತುಂಬಿಸಿದ, ಎಲ್ಲವೂ ಚೆನ್ನಾಗಿ ಬೆಂದದ್ದು, ಒಂದೊಂದನ್ನೂ ತಿರುಗಿಸಿ ನೋಡಿದ್ದು. ತಾನೇ ತಂದು ಮಂಚದಡಿಗೆ ಇಟ್ಟ. ಪೂವಕ್ಕ ಮಗುವನ್ನು ಮೀಯಿಸಿ, ಧೂಪ ಹಿಡಿದು, ದೀಕ್ಷಿತಾಳ ಬದಿಗೆ ಮಲಗಿಸಿ ಮನೆಗೆ ಹೋದಳು. ಬಾಗಿಲು ಬಡಿಯುವ ಸದ್ದಿಗೆ ಮಗು ಬೆಚ್ಚಿತು ಎಂದು ನೀಲಾವತಿ ಕಿಟಕಿ ಜಾರಿಸಿ, ಬಾಗಿಲು ಎಳೆದು ಚಿಲಕ ಸಿಕ್ಕಿಸಿ, ದನಕ್ಕೆ ಹುಲ್ಲು ತರಲು ಹೋದಳು.

ತೀರ್ಥರಾಮ ಜಗಲಿಯಲ್ಲಿ ಕಾವಲು ಕೂತ. ಎಂದಿನ ಹೊತ್ತಿಗೆ ಮಗು ಅಳಲಿಲ್ಲ. ಒಳ್ಳೆ ನಿದ್ದೆ ಬಂದಿದೆ ಎಂದು ಅವನಿಗೆ ಹಿಗ್ಗು. ಮೀನಿನವನು ದಾರಿಯಲ್ಲಿ ಹಾರ್ನ್ ಹೊಡೆದಾಗ ಓಡಿ ಹೋಗಿ ಕೈಬೀಸಿ ಅವನನ್ನು ಅತ್ತ ಕಳಿಸಿದ. ಅಣ್ಣ ಏನೋ ಕೇಳಲು ಬಂದವನು ಗಟ್ಟಿಯಾಗಿ ಮಾತಾಡಿದ್ದಕ್ಕೆ ತುಟಿಯ ಮೇಲೆ ಬೆರಳಿಟ್ಟ. ಬಾಗಿಲಿನ ಆಚೆ ಏನಾಗುತ್ತಿತ್ತೋ ಅದಕ್ಕೆ ಯಾವ ಅಡ್ಡಿಯೂ ಬಾರದಂತೆ ಅವನು ಅಷ್ಟು ಹೊತ್ತು ನೋಡಿಕೊಂಡ.

ನೀಲಾವತಿ ಹುಲ್ಲು ತಂದು ಹಾಕಿ, ಮೆಂತೆಗಂಜಿ ಬಟ್ಟಲಿಗೆ ಹೊಯ್ದು ತಂದು ಚಿಲಕ ತೆಗೆದಳು. ಒಳಗೆ ಬೆಚ್ಚಗಿತ್ತು. ಇಬ್ಬರೂ ಮಲಗಿದ್ದರು. ಮಗುವಿನ ಕೆನ್ನೆ ಕೆಂಪಗೆ ತುಂಬಿಕೊಂಡಿತ್ತು, ಹುಟ್ಟಿದ ಮೇಲೆ ಅಷ್ಟು ಚಂದದ ಬಣ್ಣ ಅದಕ್ಕೆ ಬಂದದ್ದೇ ಇಲ್ಲ. ಅದನ್ನು ನೋಡಿ ಅವಳು ನಕ್ಕಿದ್ದಳಂತೆ. ಆಮೇಲೆ ಮಗಳನ್ನು ಅಲುಗಾಡಿಸಿದಳು. ಮಗಳ ಕೈ ಜಾರಿ ಮಂಚದಿಂದ ಕೆಳಗೆ ಬಿತ್ತು. ಗಂಜಿಯ ಬಟ್ಟಲು ಬಿದ್ದ ಸದ್ದಿಗೆ ತೀರ್ಥರಾಮ ಎದ್ದು, ಮಗು ಎಚ್ಚರವಾಗುತ್ತದೆ ಎಂದು ಬೈಯಲಿಕ್ಕೆ ಒಳಗೆ ಹೋದ.

ಜೀಪಿನಲ್ಲಿ ಸುಳ್ಯಕ್ಕೆ ಕರೆದುಕೊಂಡು ಹೋದರು. ಮಗುವಿಗೆ ಮಾಡಲಿಕ್ಕೆ ಏನೂ ಉಳಿದಿರಲಿಲ್ಲ. ದೀಕ್ಷಿತಾಳ ಮೂಗಿಗೆ ಕೊಳವೆ ಹಾಕಿ ಒಳಗೆ ಒಯ್ದರು. ಆಸ್ಪತ್ರೆಯ ಡಾಕ್ಟರಮ್ಮ ಹೊರಗೆ ಬಂದು, ಕೋಣೆಯಲ್ಲಿ ಬೆಂಕಿ ಇತ್ತಾ ಎಂದು ಕೇಳಿದರು. ಇತ್ತು ಎಂದ ತೀರ್ಥರಾಮ. ಬಾಗಿಲು ಹಾಕಿತ್ತಾ ಎಂದರು. ಹಾಕಿತ್ತು ಎಂದ. ಆಮೇಲೆ ಅವರು ಕೇಳದೆಯೇ, ಕೆಂಡದಲ್ಲಿ ಒಂದು ಚುಕ್ಕೆ ಕಪ್ಪು ಇರಲಿಲ್ಲ ಎಂದೂ, ಕೋಣೆಯಲ್ಲಿ ಒಂದು ಎಳೆ ಹೊಗೆ ಇರಲಿಲ್ಲ ಎಂದೂ ಮತ್ತೆ ಮತ್ತೆ ಹೇಳಿದ.

ಡಾಕ್ಟರಮ್ಮ ಕುತ್ತಿಗೆಯ ಸ್ಟೆತಸ್ಕೋಪು ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಹೊಗೆ ಇರ್ತಿದ್ರೆ ನೀವು ಬಾಗಿಲು ತೆಗೀತಿದ್ರಿ,” ಎಂದರು.

ಕೆಂಡ ಎಷ್ಟೇ ಬೆಂದರೂ ಅದರಿಂದ ಒಂದು ವಿಷಗಾಳಿ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಮಲಗಿದವರು ಮಲಗಿದ ಹಾಗೇ ಹೋಗುತ್ತಾರೆ ಎಂದು ಬಿಡಿಸಿ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನ ದೀಕ್ಷಿತಾಳಿಗೆ ಪೂರ್ತಿ ಎಚ್ಚರ ಬಂತು. ಅವಳ ಗಂಡ ರೂಪೇಶ್ ಕಡಬದಿಂದ ಬಂದು, ಮಗುವನ್ನು ಮಣ್ಣು ಮಾಡಿ, ಹಾಸಿಗೆಯ ಒಂದು ಬದಿಗೆ ನಿಂತಿದ್ದ. ಇನ್ನೊಂದು ಬದಿಗೆ ತೀರ್ಥರಾಮ. ಹೆಂಡತಿಗೆ ಹೇಗೆ ಹೇಳುವುದೆಂದು ರೂಪೇಶ್ ಬಾಯಿ ತೆರೆದು ಮುಚ್ಚುತ್ತಿದ್ದ. ದೀಕ್ಷಿತಾ ಸುತ್ತ ನೋಡಿ, ತಲೆ ಸಿಡಿಯುತ್ತದೆ ಎಂದಳು. ಆಮೇಲೆ ಅಪ್ಪನ ಮುಖ ನೋಡಿ ಸಣ್ಣಗೆ ನಕ್ಕಳು.

“ಎಷ್ಟು ಬೆಚ್ಚಗಿತ್ತು ಅಪ್ಪ ನಿನ್ನೆ. ಹೆತ್ತ ಮೇಲೆ ಅಂಥ ನಿದ್ದೆ ನನಗೆ ಬರ್ಲೇ ಇಲ್ಲ. ಪಾಪು ಎಲ್ಲಿ?”

ತೀರ್ಥರಾಮ ಹೊರಗೆ ಹೋದ. ಹೇಳಿದ್ದು ರೂಪೇಶ್. ಹೊರಗಿನ ಬೆಂಚಿನಲ್ಲಿ ನೀಲಾವತಿಯ ಪಕ್ಕ ಕೂತು ತೀರ್ಥರಾಮ ಮಗಳ ಕೂಗನ್ನು ಕೇಳಿದ. ನಿಂತ ಮೇಲೂ ಅದು ನಿಂತ ಹಾಗೆ ಆಗಲಿಲ್ಲ.

ಆಸ್ಪತ್ರೆಯಿಂದ ಅವಳು ಕೊಲ್ಲಮೊಗ್ರಿಗೆ ಬರಲಿಲ್ಲ, ನೇರ ಗಂಡನ ಮನೆಗೆ ಹೋದಳು. ಹೊರಡುವಾಗ ಅವ್ವನನ್ನು ತಬ್ಬಿದಳು. ಅಪ್ಪ ಕಾರಿನ ಹತ್ತಿರ ಬಂದಾಗ ಗಾಜು ಏರಿಸಲಿಲ್ಲ, ಮುಖ ತಿರುಗಿಸಲಿಲ್ಲ. ಅವನು ಇದ್ದ ಕಡೆಗೇ ನೋಡುತ್ತಿದ್ದಳು, ಆದರೆ ಅವನನ್ನು ನೋಡುತ್ತಿರಲಿಲ್ಲ.

ಊರಿನವರು ಅವನನ್ನು ದೂರಲಿಲ್ಲ. ಅದೇ ಅವನಿಗೆ ಹೆಚ್ಚಿನ ಕಷ್ಟವಾಯಿತು. ಹೊಗೆಯಿಲ್ಲದ ಬೆಂಕಿ ಕೊಲ್ಲುತ್ತದೆ ಎಂದರೆ ಯಾರೂ ನಂಬಲಿಲ್ಲ. ದೃಷ್ಟಿ ಎಂದರು, ದೈವಕ್ಕೆ ಕೊಡಬೇಕಾದದ್ದು ಬಾಕಿ ಇರಬೇಕು ಎಂದರು. ಹೊಸ ಕೋಣೆಯ ಜಾಗ ಸರಿಯಿಲ್ಲ ಎಂದು ಅಣ್ಣ ಹೇಳಿದ. ಕೆಂಡದಿಂದಲೇ ಆದದ್ದು ಎಂದು ತೀರ್ಥರಾಮ ಹೇಳಿದರೆ, ಪಾಪ, ಸಂಕಟಕ್ಕೆ ಏನೇನೋ ಮಾತಾಡುತ್ತಾನೆ ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು. ಪೂವಕ್ಕ ಒಬ್ಬಳು ತಟ್ಟಲಿಲ್ಲ. ಅವಳು ಆ ಅಂಗಳಕ್ಕೆ ಕಾಲಿಡುವುದನ್ನೇ ಬಿಟ್ಟಳು. ನೀಲಾವತಿ ಗಂಡನಿಗೆ ಹೊತ್ತು ಹೊತ್ತಿಗೆ ಊಟ ಬಡಿಸುತ್ತಿದ್ದಳು. ಚಿಲಕ ಹಾಕಿದ ಕೈ ತನ್ನದು ಎಂದು ಅವಳೂ, ಬಾಣಲೆ ತುಂಬಿದ ಕೈ ತನ್ನದು ಎಂದು ಅವನೂ ಒಳಗೊಳಗೇ ಹಿಡಿದುಕೊಂಡು, ಆ ಮಾತನ್ನು ಇಬ್ಬರೂ ಎತ್ತದೆ ದಿನ ದೂಡಿದರು.

ಒಮ್ಮೆ ಅವನು ಉಪ್ಪಿನಂಗಡಿಗೆ ಹೋದ. ಹಂಝನೂ ಊರಿಗೆ ಬಂದು ಕೂತಿದ್ದ, ದಮ್ಮು ಹಿಡಿದು ಗೋಡೆಗೆ ಒರಗಿಕೊಂಡೇ ಇರುತ್ತಿದ್ದ. ಹಂಝನ ಹೆಂಡತಿ ಪಾತುಮ್ಮ ಚಹಾ ತಂದಿಟ್ಟು, ಇವನ ಮುಖ ನೋಡಿ ಒಳಗೆ ಹೋದಳು. ಸುದ್ದಿ ಆ ಮನೆಗೂ ಬಂದಿತ್ತು. ಪೂರ್ತಿ ಬೆಂದದ್ದರಲ್ಲಿ ಎಂತದೂ ಇಲ್ಲ ಅಂತ ನೀವು ಹೇಳಿದ್ದಲ್ವಾ ಹಂಝಾಕ, ಎಂದು ಕೇಳಲಿಕ್ಕೇ ಅವನು ಅಷ್ಟು ದೂರ ಬಂದದ್ದು. ಆದರೆ ಕೇಳಬೇಕಾಗಲಿಲ್ಲ.

“ನಾ ಹೇಳಿದ್ದೇ,” ಎಂದ ಹಂಝ. ಉಸಿರು ಹಿಡಿದು ಹಿಡಿದು ಮಾತಾಡಿದ. “ನನಗೂ ಯಾರೋ ಹೇಳಿದ್ದು. ಅಲ್ಲಿ ನಮ್ಮನ್ನು ಉಳಿಸಿದ್ದು ಕೆಂಡ ಅಲ್ಲ ತೀರ್ಥ, ಕಡಲ ಗಾಳಿ. ದಿನಾ ಬೈತಿದ್ದೆ ನಾನು ಅದಕ್ಕೆ.”

ಇಬ್ಬರೂ ಚಹಾ ಆರುವವರೆಗೆ ಕೂತರು. ಬೈಯಲಿಕ್ಕೆ ಬಂದವನಿಗೆ ಬೈಯುವ ಜಾಗವೂ ಇಲ್ಲದಾಯಿತು. ಸಂಜೆಯ ಬಸ್ಸು ಹತ್ತಿದ.

ದೀಕ್ಷಿತಾ ಎರಡನೆಯ ಸಲ ಬಸುರಿಯಾದದ್ದು ನೀಲಾವತಿಗೆ ಫೋನಿನಲ್ಲಿ ಗೊತ್ತಾಯಿತು. ಹೆರಿಗೆ, ಬಾಣಂತನ ಎರಡೂ ಕಡಬದಲ್ಲೇ ಎಂದು ರೂಪೇಶನ ತಾಯಿ ಮೊದಲೇ ಹೇಳಿಬಿಟ್ಟರು. ಅದರಲ್ಲಿ ತಪ್ಪು ಹಿಡಿಯುವಂಥದ್ದು ಏನಿತ್ತು? ಅವ್ವ ಬಂದು ಹೋಗಬಹುದು ಎಂದರು. ಅಪ್ಪನ ಮಾತು ಅವರೂ ಎತ್ತಲಿಲ್ಲ, ಇವಳೂ ಕೇಳಲಿಲ್ಲ. ದೀಪಾವಳಿ ಕಳೆದು ಗಂಡು ಮಗು ಹುಟ್ಟಿತು. ನೀಲಾವತಿ ಹೋಗಿ ನೋಡಿಕೊಂಡು ಬಂದಳು. ಮಗುವಿನ ಬಣ್ಣ, ಕೂದಲು, ಮೂಗು ಎಲ್ಲ ಹೇಳಿದಳು. ತೀರ್ಥರಾಮ ಕೇಳಿದ್ದು ಒಂದೇ, ಕೋಣೆಯಲ್ಲಿ ಬೆಂಕಿ ಉಂಟಾ ಎಂದು. ಉಂಟು, ಬೆಂಕಿಯಿಲ್ಲದ ಬಾಣಂತನ ಯಾವುದು ಎಂದು ಆ ಮನೆಯವರು ಹೇಳುತ್ತಾರೆ, ಎಂದಳು ನೀಲಾವತಿ. ಕಿಟಕಿ? ನಾನು ಹೋದಾಗ ತೆಗೆದಿತ್ತು, ಎಂದಳು. ಅವಳು ಇಲ್ಲದಾಗ?

ಅಲ್ಲಿಂದ ಅವನಿಗೆ ಊಟ ಸೇರಲಿಲ್ಲ. ಫೋನು ಮಾಡಿಸಿದ. ಕಿಟಕಿ ತೆಗೆದಿಡಿ ಎಂದು ನೀಲಾವತಿ ಹೇಳಿದಳು. ಮರುದಿನ ಮತ್ತೆ ಮಾಡಿಸಿದ. ಮೂರನೆಯ ಸಲ ರೂಪೇಶನ ತಾಯಿಗೆ ಸಿಟ್ಟು ಬಂತು, ನಮಗೂ ಗೊತ್ತುಂಟು ಎಂದು ಇಟ್ಟುಬಿಟ್ಟರು. ಗೊತ್ತಿರುವುದು ಎಂದರೇನು ಎಂದು ತೀರ್ಥರಾಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತನ್ನ ಕಣ್ಣಿನಿಂದ ಒಮ್ಮೆ ನೋಡಿ ಬರುತ್ತೇನೆ, ಮಗುವನ್ನೂ ಕೇಳುವುದಿಲ್ಲ, ಮಗಳನ್ನೂ ಮಾತಾಡಿಸುವುದಿಲ್ಲ ಎಂದ. ಹೋಗಬೇಡಿ ಎಂದಳು ನೀಲಾವತಿ. ಹೇಳಿದಳಷ್ಟೆ, ತಡೆಯಲಿಲ್ಲ.

ಸುಬ್ರಹ್ಮಣ್ಯದಲ್ಲಿ ಬಸ್ಸು ಬದಲಿಸಿ ಕಡಬ ದಾಟಿ ಇಳಿದ. ರೂಪೇಶನ ಮನೆ ಮಾರ್ಗದಿಂದ ಸ್ವಲ್ಪ ಮೇಲೆ, ರಬ್ಬರಿನ ಇಳಿಜಾರಿನ ನೆತ್ತಿಯಲ್ಲಿ. ಏರಿ ಹೋಗುವಾಗಲೇ ಜಗಲಿಯ ಬದಿಯ ಕೋಣೆಯ ಕಿಟಕಿ ಕಂಡಿತು. ತೆಗೆದಿತ್ತು. ಎರಡು ರೆಕ್ಕೆಯೂ ಪೂರ್ತಿ. ಅದರಿಂದ ಸಿಪ್ಪೆಯ ಬೆಂಕಿಯ ಹೊಗೆ ಸಣ್ಣಗೆ ಹೊರಗೆ ಬರುತ್ತಿತ್ತು. ಆ ಕಟು ವಾಸನೆ ಮೂಗಿಗೆ ಬಡಿದಾಗ ಅವನಿಗೆ ಎದೆಯ ಭಾರ ಇಳಿದ ಹಾಗಾಯಿತು. ಅಲ್ಲಿಂದಲೇ ತಿರುಗಿದ್ದರೆ ಆಗುತ್ತಿತ್ತು. ಆದರೆ ರೂಪೇಶನ ತಾಯಿ ನೋಡಿಬಿಟ್ಟರು.

ಒಳ್ಳೆ ಹೆಂಗಸು. ಕಂಡು ಮುಖ ಸಪ್ಪೆಯಾದರೂ ಬನ್ನಿ ಎಂದರು, ಜಗಲಿಯಲ್ಲಿ ಕುರ್ಚಿ ಹಾಕಿದರು, ಕುಡಿಯಲು ತರುತ್ತೇನೆ ಎಂದು ಒಳಗೆ ಹೋದರು. ತೀರ್ಥರಾಮ ಕೂರಲಿಲ್ಲ. ಕಾಲು ತಾನಾಗಿ ಕಿಟಕಿಯ ಕಡೆ ಎರಡು ಹೆಜ್ಜೆ ಹೋಯಿತು. ಬಾಣಲೆ ಎಲ್ಲಿಟ್ಟಿದ್ದಾರೆ, ಬಾಗಿಲು ಯಾವ ಬದಿಗೆ, ಗಾಳಿ ಹೇಗೆ ಹೋಗುತ್ತದೆ ಎಂದು ಇಣುಕಿದ. ಮಂಚದ ಕಾಲು ಕಂಡಿತು. ತೊಟ್ಟಿಲ ಬಟ್ಟೆ ಕಂಡಿತು. ಹೊಗೆಯ ಆಚೆ ದೀಕ್ಷಿತಾ ಕೂತಿದ್ದಳು, ಮಗುವನ್ನು ಎದೆಗೆ ಹಿಡಿದುಕೊಂಡು.

ಅವಳೂ ಅವನನ್ನು ಕಂಡಳು. ಅವನನ್ನು, ಅವನ ಕಣ್ಣು ಹೋಗುತ್ತಿದ್ದ ಬಾಣಲೆಯನ್ನು. ಮಗುವನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಗೋಡೆಯ ಕಡೆಗೆ ಸರಿದಳು. ಕೂಗಲಿಲ್ಲ. ಸಾಧಾರಣ ಸ್ವರದಲ್ಲೇ ಹೇಳಿದಳು.

“ಅತ್ತೆ, ಕಿಟಕಿ ಹಾಕಿ.”

ಒಳಗಿಂದ ಬಂದ ರೂಪೇಶನ ತಾಯಿ, ಕೈಯಲ್ಲಿ ಲೋಟ ಹಿಡಿದುಕೊಂಡೇ, ಬೆಂಕಿ ಉಂಟಲ್ಲ ಮಗಾ, ಹೇಗೆ ಹಾಕುದು ಎಂದರು.

“ಹಾಕಿ ಅತ್ತೆ. ಹಾಕಿ.”

ಹಸಿ ಬಾಣಂತಿಯ ಹಟಕ್ಕೆ ಎದುರಾಡಬಾರದೆಂದೋ ಏನೋ, ಅವರು ಲೋಟ ಜಗಲಿಯ ಮೇಜಿನ ಮೇಲಿಟ್ಟು, ಕೋಣೆಯೊಳಗೆ ಹೋಗಿ ಒಂದು ರೆಕ್ಕೆ ಎಳೆದರು, ತೀರ್ಥರಾಮನ ಮುಖ ನೋಡದೆ ಇನ್ನೊಂದನ್ನೂ ಎಳೆದರು. ಒಳಗೆ ಕೊಂಡಿ ಬಿತ್ತು. ಹೊಗೆ ಬರುವುದು ನಿಂತಿತು.

ತೆಗೆಯಿರಿ ಎಂದು ಬಡಿಯಲು ಅವನ ಕೈ ಮೇಲೆದ್ದಿತು. ಬಡಿದರೆ ಅವಳು ಇನ್ನೂ ಗಟ್ಟಿಯಾಗಿ ಮುಚ್ಚಿಸುತ್ತಾಳೆ. ಹೊರಗಿನಿಂದ ಹೇಳಿದರೂ ಅಷ್ಟೆ, ಅವನ ಸ್ವರ ಕೇಳಿದಷ್ಟು ಹೊತ್ತು ಆ ಕಿಟಕಿ ತೆರೆಯುವುದಿಲ್ಲ. ಒಳಗೆ ಬಾಣಲೆ, ಮಗಳು, ಮಗು. ಅವರಿಗೆ ಗಾಳಿ ಬರಬೇಕಾದರೆ ಒಂದೇ ದಾರಿ, ತಾನು ಅಲ್ಲಿ ಇರಬಾರದು. ಅದು ಅವನಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಕುಡಿಯಲು ತಂದದ್ದನ್ನು ಮುಟ್ಟಲಿಲ್ಲ. ಮೆಟ್ಟಿಲ ಹತ್ತಿರ ಬಿಟ್ಟಿದ್ದ ಚಪ್ಪಲಿ ಹಾಕಿಕೊಂಡದ್ದೇ ಇಳಿಜಾರು ಇಳಿದ. ಹೋಗುತ್ತಿದ್ದೇನೆ ಎಂದು ಒಳಗೆ ಕೇಳಲಿ ಎಂದು ಕಾಲು ಎತ್ತಿ ಎತ್ತಿ ಹಾಕಿದ. ರಬ್ಬರಿನ ಒಣ ಎಲೆ ಜೋರಾಗಿ ಸದ್ದು ಮಾಡಿತು. ತಿರುಗಿ ನೋಡಬೇಕೆಂದು ಕುತ್ತಿಗೆ ಎಳೆಯುತ್ತಿತ್ತು. ನೋಡಿದರೆ ಅವಳಿಗೆ ಇವನ ಮುಖ ಕಾಣುತ್ತದೆ, ಕಿಟಕಿಯ ಹತ್ತಿರ ಬಂದವಳು ಹಿಂದೆ ಸರಿಯುತ್ತಾಳೆ. ನೋಡಲಿಲ್ಲ.

ಮಾರ್ಗಕ್ಕೆ ಇಳಿದ ಮೇಲೆ ಬಸ್ಸು ನಿಲ್ಲುವ ಕಟ್ಟೆ ಎದುರಿಗೇ ಇತ್ತು. ಕಟ್ಟೆಯಲ್ಲಿ ಕೂತರೆ ಮೇಲಿನ ಮನೆಯಿಂದ ಕಾಣುತ್ತದೆ. ಅವನು ಕೂರಲಿಲ್ಲ. ಬಿಸಿಲಿನಲ್ಲಿ ಮುಂದಿನ ಕಟ್ಟೆಯ ಕಡೆಗೆ ನಡೆದ, ಬೇಗ ಬೇಗ, ಮಾರ್ಗದ ತಿರುವು ಒಮ್ಮೆ ಸಿಕ್ಕಿದರೆ ಸಾಕು ಎಂದುಕೊಂಡು.